ಟಿಕ್ಲಿಯ ಮೇಲಿನ ಮುಳ್ಳು

ಆಗ ನನಗೆ ಅರವತ್ತೆರಡು. ಎಂಟು ವರ್ಷದ ಹಿಂದಿನ ಮಾತು. ಆ ವಯಸ್ಸಿಗೆ ಬೇಕಾದಷ್ಟು ಗಂಡಸರನ್ನು ನೋಡಿಯಾಗಿತ್ತು. ಆದರೆ ಊಟದ ಡಬ್ಬಿಯಲ್ಲಿ ಗಡಿಯಾರದಂಥ ಸಾಮಾನು ಇಟ್ಟುಕೊಂಡು ತಿರುಗುವವರಲ್ಲಿ ನೋಡಿದ್ದು ಪಾಸ್ಕು ಮಿಸ್ತ್ರಿ ಒಬ್ಬನನ್ನೇ.

ಹೊನ್ನಾವರದಲ್ಲಿ ಹೆದ್ದಾರಿಯಿಂದ ಸ್ವಲ್ಪ ಒಳಗೆ ಅವನ ಗ್ಯಾರೇಜು. ಮೇಲೆ ತಗಡು, ಕೆಳಗೆ ಎಣ್ಣೆ ಕುಡಿದು ಕಪ್ಪಾದ ಮಣ್ಣು. ಅವನ ಹತ್ತಿರ ಸ್ಟೀಲಿನ ಎರಡು ಡಬ್ಬಿ ಇದ್ದವು, ಎರಡೂ ಒಂದೇ ನಮೂನೆ. ಒಂದರಲ್ಲಿ ಹೆಂಡತಿ ಕೊಟ್ಟ ಅನ್ನ, ಮೀನುಸಾರು. ಇನ್ನೊಂದರಲ್ಲಿ ಹಳೇ ಬನಿಯನ್ನಿನಲ್ಲಿ ಸುತ್ತಿದ ಗೇಜು. ದುಂಡಗೆ, ಮೇಲೆ ಗಾಜು, ಒಳಗೆ ಒಂದು ಮುಳ್ಳು, ಬಾಲದ ಹಾಗೆ ಒಂದು ರಬ್ಬರ್ ಪೈಪು. ಡೀಸೆಲ್ಲು ಇಂಜಿನ್ನಿಗೆ ಎಷ್ಟು ಜೋರಿನಲ್ಲಿ ಹೋಗುತ್ತದೆ ಎಂದು ಅದು ತೋರಿಸುತ್ತದಂತೆ. ಒಮ್ಮೆ ಯಾರದೋ ಲಾರಿಯ ಬಾನೆಟ್ಟು ಎತ್ತಿ, ಗಿರಾಕಿಗಳ ಮುಂದೆ ದೊಡ್ಡ ಡಾಕ್ಟರನ ಹಾಗೆ ಡಬ್ಬಿ ತೆರೆದರೆ ಒಳಗೆ ಬಂಗಡೆ ಸಾರು. ಎಲ್ಲರೂ ನಕ್ಕರು. ಅವನು ನಗಲಿಲ್ಲ. ಗೇಜು ಮನೆಯಲ್ಲಿ ಉಳಿದಿದೆ ಎಂದು ಆ ಲಾರಿಯನ್ನು ಮಧ್ಯಾಹ್ನದವರೆಗೆ ಮುಟ್ಟಲೂ ಇಲ್ಲ.

“ಕಿವಿಯಲ್ಲಿ ಕೇಳಿ ನೋಡು ಮಿಸ್ತ್ರಿ, ಗೊತ್ತಾತದೆ” ಎಂದ ಲಾರಿಯವ.

“ಕಿವಿಗೆ ಗೊತ್ತಾಗೋದು ಅಂದಾಜು. ಅಂದಾಜು ಬೇಕಾದ್ರೆ ಮುಂದಿನ ಗ್ಯಾರೇಜಿಗೆ ಹೋಗು. ಅಲ್ಲಿ ಬೇಕಾದಷ್ಟು ಸಿಕ್ತದೆ” ಎಂದ ಇವನು.

ಅವನ ಮಾತೇ ಹಾಗೆ. ಗಾಡಿ ತಂದವರು ಬಾಯಿ ತೆರೆದು, ಪಂಪು ಹೋಗಿದೆ, ಫಿಲ್ಟರು ಕಟ್ಟಿದೆ ಎಂದು ಶುರುಮಾಡಿದರೆ ಕೈ ಅಡ್ಡ ಹಿಡಿಯುತ್ತಿದ್ದ. “ಅದು ನಿನ್ನ ಅಂದಾಜು. ಕಂಡದ್ದು ಎಂತ? ಕಂಡದ್ದು ಮಾತ್ರ ಹೇಳು.” ನನ್ನ ಮಗ ಗಣಪನಿಗೆ ಇದನ್ನು ಕೇಳಿದರೆ ಮೈ ಉರಿಯುತ್ತಿತ್ತು. ನನಗೆ ಸರಿ ಕಾಣುತ್ತಿತ್ತು. ಮೀನು ಮಾರುವಲ್ಲಿಯೂ ಅಷ್ಟೇ. ತಾಜಾ ಇದೆ ಎಂದು ಬಾಯಲ್ಲಿ ಹೇಳುವವರ ಬುಟ್ಟಿಗೆ ನಾನು ಕೈ ಹಾಕುವುದಿಲ್ಲ. ಕಿವಿರು ಎತ್ತಿ ನೋಡುತ್ತೇನೆ.

ಮೀನಿನ ಗಾಡಿಯನ್ನು ತೊಳೆಯದೆ ತಂದರೆ ಅವನು ಹತ್ತಿರ ಬರುತ್ತಿರಲಿಲ್ಲ. ಮೂಗಿಗೆ ಕರವಸ್ತ್ರ. “ದಿನಾ ಮೀನು ತಿಂತೆ, ಗಾಡಿಯ ವಾಸನೆ ಆಗೂದಿಲ್ಲನ?” ಎಂದು ನಾನೊಮ್ಮೆ ಕೇಳಿದೆ. “ಬಾಯಿ, ನಾ ಮೀನು ತಿನ್ನೋದು ಬೇಯಿಸಿ. ನಿನ್ನ ಗಾಡಿ ಬೇಯಿಸಿದ್ದಲ್ಲ” ಎಂದ. ಕೊಂಕಣಿಯವನು, ಹೆಂಗಸರನ್ನು ಬಾಯಿ ಎಂದೇ ಕರೆಯುತ್ತಿದ್ದ.

ನಮ್ಮದು ಮಾವಳ್ಳಿ. ಒಂದು ಪಿಕಪ್ ಗಾಡಿ ಇತ್ತು. ನಾನು ದಡದಲ್ಲಿ ಮೀನು ಕೊಂಡು, ಐಸು ಹಾಕಿಸಿ, ಹೊನ್ನಾವರ ದಾಟಿ ಕುಮಟಾ ಪೇಟೆಗೆ ಕಳಿಸುತ್ತಿದ್ದೆ. ಗಾಡಿ ಬಿಡುತ್ತಿದ್ದವರು ಇಬ್ಬರು. ಒಂದು ದಿನ ಗಣಪ, ಒಂದು ದಿನ ಮಗಳು ಜಯಂತಿ.

ಜಯಂತಿ ಗಂಡನ ಮನೆ ಬಿಟ್ಟು ಬಂದವಳು. ಯಾಕೆ ಬಂದಳು ಎಂದು ಹೇಳುವುದಿಲ್ಲ, ಬಂದದ್ದೇ ಒಳ್ಳೆಯದಾಯಿತು. ಬಂದ ಹೊಸತರಲ್ಲಿ ಸಿಗಡಿ ಸುಲಿಯುವ ಶೆಡ್ಡಿಗೆ ಹೋಗುತ್ತಿದ್ದಳು. ಬೆಳಗಿನಿಂದ ಐಸು ನೀರಿನಲ್ಲಿ ಕೈ. ಬೆರಳ ಸಂದು ಒಡೆದು, ರಾತ್ರಿ ಅನ್ನ ಕಲಸಲು ಆಗದೆ ಚಮಚ ಕೇಳುತ್ತಿದ್ದಳು. ಆಮೇಲೆ ಗಾಡಿ ಬಿಡಲು ಕಲಿತಳು, ಲೈಸೆನ್ಸು ಮಾಡಿಸಿದಳು. ಸ್ಟೇರಿಂಗು ಹಿಡಿದ ಮೇಲೆ ಅವಳ ಕೈ ಗುಣವಾಯಿತು. ಮಾತೂ ದೊಡ್ಡದಾಯಿತು, ಆಗಲಿ. ಗಾಡಿಯ ಚಾವಿ ಹೋದರೆ ಅವಳಿಗೆ ಮತ್ತೆ ಅದೇ ಶೆಡ್ಡು. ಅದು ಅವಳಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು, ಗಣಪನಿಗೂ ಗೊತ್ತಿತ್ತು.

ಆ ವರ್ಷ ಗಾಡಿಯ ಡೀಸೆಲ್ ಟ್ಯಾಂಕಿನ ಮುಚ್ಚಳ ಕಳೆಯಿತು. ಗಣಪ ಬಂಕಿನಲ್ಲಿ ಡೀಸೆಲ್ ಹಾಕಿಸಿ, ಮುಚ್ಚಳವನ್ನು ಅಲ್ಲೇ ಬಿಟ್ಟು ಬಂದಿದ್ದ. ಕ್ರೇಟಿನಿಂದ ಇಳಿಯುವ ಮೀನಿನ ನೀರು ಸೀದಾ ಟ್ಯಾಂಕಿನ ಬಾಯಿಯ ಮೇಲೆ ಬೀಳುತ್ತದೆ. ಪಾಸ್ಕು ಮಿಸ್ತ್ರಿ ಬೇರೆ ಯಾವುದೋ ಗಾಡಿಯ ಮುಚ್ಚಳ ಹುಡುಕಿ ಕೂರಿಸಿದ. ಅದು ಸ್ವಲ್ಪ ಸಡಿಲ. ಅದರ ಮೇಲೆ ದಪ್ಪ ಪ್ಲಾಸ್ಟಿಕ್ ಹಾಳೆ ಮುಚ್ಚಿ, ಸೈಕಲ್ ಟ್ಯೂಬು ಸೀಳಿ ಸುತ್ತಲೂ ಬಿಗಿದು ಕಟ್ಟಿದ. ಇಬ್ಬರನ್ನೂ ನಿಲ್ಲಿಸಿ ಹೇಳಿದ.

“ಡೀಸೆಲ್ ಹಾಕಿಸಿದ ಮೇಲೆ ಪ್ರತಿ ಸಲ ಹೀಂಗೇ ಕಟ್ಟಬೇಕು. ಒಂದು ಹನಿ ಉಪ್ಪುನೀರು ಒಳಗೆ ಹೋದ್ರೆ ಪಂಪು ಹೋತದೆ. ಎಳ್ದು ಕಟ್ಟಿ.”

ಜಯಂತಿ ತಲೆಯಾಡಿಸಿದಳು. ಗಣಪ ಬೀಡಿ ಹಚ್ಚುತ್ತಿದ್ದ.

ಆ ಮಳೆಗಾಲ ಮುಗಿದು ದೋಣಿಗಳು ನೀರಿಗಿಳಿದ ಮೇಲೆ ಗಾಡಿ ಬಂದ್ ಬೀಳಲು ಶುರುವಾಯಿತು. ಮಾವಳ್ಳಿಯಿಂದ ಹೊರಟು ಮಂಕಿ ದಾಟುವವರೆಗೆ ಏನೂ ಇಲ್ಲ. ಆಮೇಲೆ ಎಳೆತ ಕಮ್ಮಿಯಾಗುತ್ತದೆ, ಗಾಡಿ ಮುಗ್ಗರಿಸುತ್ತದೆ, ಹೊನ್ನಾವರದ ಸೇತುವೆ ಹತ್ತುವಾಗ ಇಂಜಿನ್ ನಿಂತೇ ಹೋಗುತ್ತದೆ. ಇಂಜಿನ್ ನಿಂತರೆ ಬ್ರೇಕು ಕಲ್ಲಿನ ಹಾಗೆ, ಸ್ಟೇರಿಂಗು ತಿರುಗುವುದಿಲ್ಲ. ಕೆಳಗೆ ಶರಾವತಿ, ಹಿಂದೆ ಲಾರಿಗಳ ಹಾರ್ನು. ಸ್ವಲ್ಪ ಹೊತ್ತು ನಿಂತರೆ ತಾನಾಗಿ ಹೊರಡುತ್ತದೆ. ಒಂದು ದಿನ ನಾನೂ ಇದ್ದೆ. ಹಿಂದಿನಿಂದ ಬಂದ ಬಸ್ಸು ಬ್ರೇಕು ಹಾಕಿ, ನಮ್ಮ ಹಿಂದಿನ ಬಾಗಿಲಿಗೆ ತಾಗುವ ಹಾಗೆ ಬಂದು ನಿಂತಿತು. ಬಸ್ಸಿನವ ಇಳಿದು ಬಂದು, ಸೀಟಿನಲ್ಲಿ ಹೆಣ್ಣು ಕಂಡು, ಬೈಯಲು ಬಂದದ್ದನ್ನು ಬಿಟ್ಟು ನಕ್ಕ. ಜಯಂತಿಗೆ ಬೈದಿದ್ದರೇ ಒಳ್ಳೆಯದಿತ್ತು.

ಗಣಪನ ಕೈಯಲ್ಲಿ ಮಾತ್ರ ಗಾಡಿ ಒಂದು ದಿನವೂ ಬಂದ್ ಬೀಳಲಿಲ್ಲ.

“ಗಾಡಿಗೆ ಗೊತ್ತಾತದೆ, ಯಾರ ಕೈ ಅಂತ” ಎಂದ ಗಣಪ. ಪಿಕಪ್ಪುಗಳು ನಿಲ್ಲುವ ಜಾಗದಲ್ಲಿ ಉಳಿದ ಡ್ರೈವರುಗಳಿಗೆ ದಿನವೂ ಇದೇ ಮಾತು. ಒಬ್ಬ ಹೇಳಿದ, ಅವಳು ಕ್ಲಚ್ಚಿನ ಮೇಲೆ ಕಾಲಿಟ್ಟೇ ಕೂತಿರ್ತಾಳೆ ಎಂದು. ಇನ್ನೊಬ್ಬ ಸೇತುವೆಗೆ ತೆಂಗಿನಕಾಯಿ ಒಡೆಸು ಎಂದ. ಜಯಂತಿ ಮೊದಮೊದಲು ಜಗಳಕ್ಕೆ ನಿಂತಳು. ಆಮೇಲೆ ನನ್ನನ್ನೇ ಕೇಳಲು ಶುರುಮಾಡಿದಳು. “ಅಮ್ಮಾ, ನಾ ಎಂತಾದ್ರೂ ತಪ್ಪು ಮಾಡ್ತಿದ್ನ?” ಆ ಮಾತು ಕೇಳಿ ನನಗೆ ಹೆದರಿಕೆಯಾಯಿತು. ಗಂಡನ ಮನೆಯಿಂದ ಬಂದ ದಿನವೂ ಅವಳು ಹೀಗೇ ಕೇಳಿದ್ದಳು.

ಗಾಡಿಯನ್ನು ಪಾಸ್ಕು ಮಿಸ್ತ್ರಿಯಲ್ಲಿಗೆ ಒಯ್ದೆವು. ಕಂಡದ್ದನ್ನೆಲ್ಲ ಹೇಳಿದೆವು. ಅವನು ಡಬ್ಬಿ ತೆರೆದು, ಕೈಗೆ ಸೋಪು ಹಾಕಿ ತೊಳೆದುಕೊಂಡು, ಗೇಜು ಹೊರತೆಗೆದ. ಇಂಜಿನ್ನಿಗೆ ಹೋಗುವ ಡೀಸೆಲ್ ಪೈಪಿನ ನಡುವೆ ಅದನ್ನು ಸೇರಿಸಿ, ಉದ್ದ ಪೈಪು ಬಾನೆಟ್ಟಿನ ಸಂದಿನಿಂದ ತಂದು, ಮುಂದಿನ ಗಾಜಿಗೆ ಹೊರಗಿನಿಂದ ಟೇಪು ಹಾಕಿ ಅಂಟಿಸಿದ. ಮುಳ್ಳು ನಮ್ಮ ಕಡೆ.

“ನಾ ರಸ್ತೆ ನೋಡ್ತೆ, ನೀ ಮುಳ್ಳು ನೋಡು ಬಾಯಿ.”

“ನಂಗೆ ಆ ಅಂಕಿ ಓದೂಕೆ ಬರೂದಿಲ್ಲ” ಎಂದೆ.

“ಓದೋದು ಬೇಡ. ತಕ್ಕಡಿ ಮುಳ್ಳು ನೋಡೂಕೆ ಬತ್ತದಲ್ಲ?” ಎಂದವನು ಜಯಂತಿಯ ಕಡೆ ತಿರುಗಿ, “ನಿನ್ನ ಪರ್ಸಲ್ಲಿ ಟಿಕ್ಲಿ ಇದ್ರೆ ಒಂದು ಕೊಡು ಮಗಾ” ಎಂದ. ಹಣೆಗೆ ಇಡುವ ಕೆಂಪು ಟಿಕ್ಲಿಯನ್ನು ಗೇಜಿನ ಗಾಜಿನ ಮೇಲೆ, ಸರಿಯಾದ ಗುರುತಿಗೆ ಅಂಟಿಸಿದ. “ಮುಳ್ಳು ಟಿಕ್ಲಿ ಮೇಲೆ ಇದ್ರೆ ಸುಮ್ಮನಿರು. ಕೆಳಗೆ ಬಂದ್ರೆ ಹೇಳು.”

ಹೊರಡುವ ಮೊದಲು ಟ್ಯಾಂಕಿನ ಬಾಯಿ ಬಿಚ್ಚಿ, ಬಾಟಲಿಗೆ ಸ್ವಲ್ಪ ಡೀಸೆಲ್ ತೆಗೆದು, ನೀರು ಸೇರಿದೆಯೋ ಎಂದು ಬಿಸಿಲಿಗೆ ಹಿಡಿದು ನೋಡಿದ. ನೀರಿರಲಿಲ್ಲ. ಕ್ರೇಟು ಖಾಲಿ ಇದ್ದುದರಿಂದ ಟ್ಯಾಂಕಿಗೆ ಬರೀ ಮುಚ್ಚಳ ಇಟ್ಟು ಹೊರಟ. ಹೊನ್ನಾವರದಿಂದ ಮಂಕಿಗೆ ಹೋಗಿ ತಿರುಗಿ, ಸೇತುವೆ ದಾಟಿ, ಕುಮಟಾ ಕಡೆ ಬಹಳ ದೂರ ಹೋಗಿ ಬಂದೆವು. ದಾರಿಯುದ್ದಕ್ಕೂ ಕೇಳುತ್ತಿದ್ದ.

“ಮುಳ್ಳು ಎಲ್ಲಿದೆ ಬಾಯಿ?”

“ಟಿಕ್ಲಿ ಮೇಲೆ.”

“ಈಗ?”

“ಅಲ್ಲೇ ಸತ್ತ್ ಬಿದ್ಕಂಡದೆ. ನನ್ನ ಕಣ್ಣು ಉರೀತದೆ.”

ಒಂದು ಸಲವೂ ಕೆಳಗೆ ಬರಲಿಲ್ಲ. ಗ್ಯಾರೇಜಿಗೆ ಬಂದಾಗ ಗಣಪ ಅಲ್ಲಿದ್ದ. ಪಾಸ್ಕು ಮಿಸ್ತ್ರಿ ಕೈ ಒರೆಸಿಕೊಂಡು, “ಗಾಡೀಲಿ ಎಂತದೂ ಇಲ್ಲ” ಎಂದ.

ಇಷ್ಟೇ ಹೇಳಿದ್ದು. ಗಣಪನಿಗೆ ಅಷ್ಟು ಸಾಕಾಯಿತು. ಅವತ್ತೇ ಜಯಂತಿಯ ಕೈಯಿಂದ ಚಾವಿ ತೆಗೆದುಕೊಂಡು, ತನ್ನ ಮನೆಯ ಬಾಗಿಲ ಮೇಲಿನ ಮೊಳೆಗೆ ನೇತುಹಾಕಿದ. ಅವನು ಹೆಂಡತಿ ಮಕ್ಕಳ ಜೊತೆ ನಮ್ಮ ಪಕ್ಕದಲ್ಲೇ ಬೇರೆ ಮನೆ ಮಾಡಿಕೊಂಡಿದ್ದ. “ಸಾಯಬಾರ್ದು ಅಂತ ಹೇಳೂದು ಅಮ್ಮಾ. ಇವಳೂ ಸಾಯ್ತಾಳೆ, ಬಸ್ಸಲ್ಲಿದ್ದವ್ರನ್ನೂ ಸಾಯಿಸ್ತಾಳೆ” ಎಂದ. ಅವನು ಹೇಳಿದ್ದು ಪೂರಾ ಸುಳ್ಳು ಎನ್ನಲು ನನಗೂ ಬಾಯಿ ಬರಲಿಲ್ಲ. ಆ ಬಸ್ಸು ನಿಂತ ಸದ್ದು ನನ್ನ ಕಿವಿಯಲ್ಲೂ ಇತ್ತು. ಜಯಂತಿ ಮರುದಿನದಿಂದ ಸಿಗಡಿ ಶೆಡ್ಡಿಗೆ ಹೋದಳು. ವಾರ ಕಳೆಯುವುದರೊಳಗೆ ಊಟಕ್ಕೆ ಚಮಚ ಕೇಳಿದಳು.

ಹೀಗಿರುವಾಗ ಒಂದು ಬೆಳಿಗ್ಗೆ ಪಾಸ್ಕು ಮಿಸ್ತ್ರಿ ಬಸ್ಸಿನಿಂದ ಇಳಿದು ನಮ್ಮ ಮನೆಯ ಮುಂದೆ ನಿಂತ. ಕಂಕುಳಲ್ಲಿ ಡಬ್ಬಿ. ಅವನು ಗಿರಾಕಿಯ ಮನೆಗೆ ಹೋದದ್ದನ್ನು ಯಾರೂ ಕೇಳಿರಲಿಲ್ಲ.

“ಊಟ ತಂದ್ಯಾ, ಗೇಜು ತಂದ್ಯಾ?” ಎಂದೆ.

ಅವನು ನಗಲಿಲ್ಲ. “ಬಾಯಿ, ನಾ ಒಂದು ಮಾತು ಹೇಳ್ಬಿಟ್ಟೆ. ಗಾಡೀಲಿ ಎಂತದೂ ಇಲ್ಲ ಅಂದೆ. ನಾ ಕಂಡದ್ದು ನಾ ಬಿಟ್ಟಾಗಿಂದು. ಅವಳು ಬಿಟ್ಟಾಗಿಂದು ಕಾಣ್ಲಿಲ್ಲ. ಕಾಣದ್ದನ್ನ ಹೇಳ್ದೆ.” ಡಬ್ಬಿಯನ್ನು ಇನ್ನೊಂದು ಕಂಕುಳಿಗೆ ಹಾಕಿಕೊಂಡು, “ಊಟ ಸೇರೂದಿಲ್ಲ” ಎಂದ.

ಗಣಪ ಮೊಳೆಯಿಂದ ಚಾವಿ ತೆಗೆಯಲು ಬಹಳ ಹೊತ್ತು ಮಾಡಿದ. “ಇವತ್ತೊಂದು ದಿನ. ಬಂದ್ ಬಿದ್ರೆ ಆ ಮೇಲೆ ಈ ವಿಷಯ ಎತ್ತೂಕಾಗ” ಎಂದು ಹೇಳಿಯೇ ಕೊಟ್ಟ.

ಪಾಸ್ಕು ಮಿಸ್ತ್ರಿ ಜಯಂತಿಗೆ ಹೇಳಿದ್ದು ಇಷ್ಟು. “ನಾ ಇಲ್ಲ ಅಂತ ತಿಳ್ಕ. ನೀ ದಿನಾ ಎಂತೆಂತ ಮಾಡ್ತೆ, ಅದನ್ನೇ ಮಾಡು. ಒಂದೂ ಬಿಡ್ಬೇಡ.” ಅವಳು ಬಂಕಿಗೆ ಹೋಗಿ ಟ್ಯಾಂಕು ತುಂಬಿಸಿದಳು. ಮುಚ್ಚಳ ಹಾಕಿ, ಪ್ಲಾಸ್ಟಿಕ್ ಮುಚ್ಚಿ, ಟ್ಯೂಬನ್ನು ಮೊಣಕಾಲು ಕೊಟ್ಟು ಎಳೆದು, ಬಲೆಗೆ ಹಾಕುವ ಗಂಟು ಹಾಕಿದಳು. ಒಡೆದ ಬೆರಳಿನಿಂದ ರಕ್ತ ಬಂತು, ಸೆರಗಿಗೆ ಒರೆಸಿಕೊಂಡಳು. ಅವನು ನೋಡುತ್ತಿದ್ದ. ಮೀನು ತುಂಬಿ ಹೊರಟೆವು. ಅವಳು ಸ್ಟೇರಿಂಗಿಗೆ, ನಾನು ನಡುವೆ, ಅವನು ಬಾಗಿಲ ಬದಿ. ಗಾಜಿನ ಮೇಲೆ ಅದೇ ಗೇಜು, ಅದೇ ಟಿಕ್ಲಿ.

ಮಂಕಿಯವರೆಗೆ ಮುಳ್ಳು ಟಿಕ್ಲಿ ಬಿಡಲಿಲ್ಲ. ಆಮೇಲೆ ನಡುಗಲು ಶುರುವಾಯಿತು.

“ಮಿಸ್ತ್ರಿ, ಕೆಳಗೆ ಬಂತು.”

“ಎಷ್ಟು?”

“ಒಂದು ಟಿಕ್ಲಿಯಷ್ಟು.” ಸೇತುವೆಗೆ ಮೊದಲು ಸಿಗುವ ಕಾಸರಕೋಡು ಬಂದಾಗ, “ಎರಡು ಟಿಕ್ಲಿಯಷ್ಟು” ಎಂದೆ. ಜಯಂತಿಯ ಕುತ್ತಿಗೆಯಲ್ಲಿ ನರ ಎದ್ದಿತ್ತು. “ನೀ ರಸ್ತೆ ನೋಡು” ಎಂದ ಅವನು ಅವಳಿಗೆ. ಸೇತುವೆ ಹತ್ತಿದೆವು. ಮುಳ್ಳು ತಟ್ಟನೆ ಕೆಳಗೆ ಮಲಗಿತು. ಗಾಡಿ ಎರಡು ಸಲ ಮುಗ್ಗರಿಸಿ ನಿಂತಿತು.

ಜಯಂತಿ ಕಟ್ಟೆಯ ಬದಿಗೆ ಒತ್ತಿ ನಿಲ್ಲಿಸಿದ್ದಳು. ಹಿಂದೆ ಹಾರ್ನು ಶುರುವಾಯಿತು. ಪಾಸ್ಕು ಮಿಸ್ತ್ರಿ ಇಳಿದು ಬಾನೆಟ್ಟಿನ ಕಡೆ ಹೋಗಲಿಲ್ಲ. ಸೀದಾ ಟ್ಯಾಂಕಿನ ಹತ್ತಿರ ಹೋಗಿ, ಚಾಕುವಿನಿಂದ ಟ್ಯೂಬು ಕೊಯ್ದ. ಮುಚ್ಚಳ ತಿರುಗಿಸಿದ್ದೇ ಟ್ಯಾಂಕು ಉಸ್ಸ್ ಎಂದು ಗಾಳಿ ಎಳೆದುಕೊಂಡಿತು. ನೀರಿನಲ್ಲಿ ಮುಳುಗಿ ಎದ್ದವನು ಉಸಿರು ಎಳೆದುಕೊಳ್ಳುತ್ತಾನಲ್ಲ, ಹಾಗೆ. ಹಾರ್ನಿನ ನಡುವೆಯೂ ನನಗೆ ಕೇಳಿತು.

“ಚಾಲು ಮಾಡು” ಎಂದ. ಚಾಲು ಆಯಿತು.

“ಮುಳ್ಳು ಎಲ್ಲಿದೆ ಬಾಯಿ?”

“ಟಿಕ್ಲಿ ಮೇಲೆ.”

ಅವನು ಆ ಮುಚ್ಚಳವನ್ನು ತಿರುಗಿಸಿ ತಿರುಗಿಸಿ ನೋಡಿದ. ಡೀಸೆಲ್ಲು ಖರ್ಚಾದ ಹಾಗೆ ಟ್ಯಾಂಕಿನೊಳಗೆ ಗಾಳಿ ಹೋಗಬೇಕಂತೆ, ಅದಕ್ಕೆ ಮುಚ್ಚಳದಲ್ಲಿ ಸಣ್ಣ ತೂತು ಇರುತ್ತದಂತೆ. ಇವನು ಹಾಕಿದ ಮುಚ್ಚಳದಲ್ಲಿ ತೂತಿರಲಿಲ್ಲ. ಸಂದಿನಲ್ಲಿ ಹೋಗಬೇಕಾದ ಗಾಳಿಯನ್ನು ಇವನು ಹೇಳಿದ ಟ್ಯೂಬು ತಡೆದಿತ್ತು. ಗಾಳಿಯಿಲ್ಲದೆ ಪಂಪಿಗೆ ಡೀಸೆಲ್ ಎಳೆಯಲು ಆಗುತ್ತಿರಲಿಲ್ಲ. ಗಣಪ ಟ್ಯೂಬನ್ನು ಕಟ್ಟುತ್ತಲೇ ಇರಲಿಲ್ಲ, ಮೇಲೆ ಸುಮ್ಮನೆ ಎಸೆದು ಹೋಗುತ್ತಿದ್ದ. ಮೊದಲ ಸಲ ನೋಡಿದಾಗ ಮಿಸ್ತ್ರಿಯೇ ಕಟ್ಟು ಬಿಚ್ಚಿ ಗಾಡಿ ಬಿಟ್ಟಿದ್ದ.

ಜಯಂತಿ ಸೀಟಿನಿಂದಲೇ ಕೇಳಿದಳು. “ನಾ ಗಟ್ಟಿ ಕಟ್ಟಿದ್ದು ಹೆಚ್ಚಾತಾ ಮಿಸ್ತ್ರಿಗಳೇ?”

ಹೌದು ಎಂದರೆ ಮುಗಿಯುತ್ತಿತ್ತು. ಅಲ್ಲಿ ಬೇರೆ ಯಾರೂ ಇರಲಿಲ್ಲ, ನಾವಿಬ್ಬರು ನಂಬುತ್ತಿದ್ದೆವು. ಅವನು ಟ್ಯಾಂಕಿಗೆ ಬರೀ ಮುಚ್ಚಳ ಇಟ್ಟು, ಕೊಯ್ದ ಟ್ಯೂಬನ್ನು ಕಿಸೆಗೆ ಹಾಕಿಕೊಂಡು, “ನೀ ನಾ ಹೇಳ್ದಾಂಗೆ ಕಟ್ಟಿದೆ” ಎಂದ. ಆಮೇಲೆ ಕುಮಟಾಕ್ಕೆ ಹೋಗಿ ಮೀನು ಇಳಿಸಿದೆವು. ಬರುವಾಗ ಹೊನ್ನಾವರದಲ್ಲಿ ಇಳಿಯುತ್ತಾನೆ ಎಂದುಕೊಂಡಿದ್ದೆ. ಇಳಿಯಲಿಲ್ಲ. “ಮಾವಳ್ಳಿಗೆ ಬಿಡು” ಎಂದ.

ಪಿಕಪ್ಪುಗಳು ನಿಲ್ಲುವ ಜಾಗದಲ್ಲಿ ಗಣಪನೂ ಉಳಿದವರೂ ಕಾಯುತ್ತಿದ್ದರು. ಪಾಸ್ಕು ಮಿಸ್ತ್ರಿ ಇಳಿದು, ಕಿಸೆಯಿಂದ ಟ್ಯೂಬು ತೆಗೆದು ಬಾನೆಟ್ಟಿನ ಮೇಲೆ ಇಟ್ಟ. ಟ್ಯಾಂಕಿನಿಂದ ಮುಚ್ಚಳ ತೆಗೆದು ಅದರ ಪಕ್ಕ ಇಟ್ಟ.

“ಸೇತುವೆ ಮೇಲೆ ಬಂದ್ ಬಿತ್ತು. ಕಟ್ಟು ಕೊಯ್ದೆ, ಚಾಲು ಆತು. ಇದು ಕಂಡದ್ದು. ಮುಚ್ಚಳ ನಾ ಹಾಕಿದ್ದು, ಕಟ್ಟು ಅಂದದ್ದು ನಾನು. ಈ ಹುಡುಗಿ ಹೇಳ್ದಾಂಗೆ ಕಟ್ಟಿದ್ದಕ್ಕೆ ಬಂದ್ ಬಿತ್ತು. ಗಣಪ ಹೇಳ್ದಾಂಗೆ ಕಟ್ಟದೇ ಇದ್ದಿದ್ದಕ್ಕೆ ಬೀಳ್ಲಿಲ್ಲ. ತಪ್ಪು ನಂದು.”

ಒಬ್ಬ ಮುಚ್ಚಳ ಎತ್ತಿ, ಅದರಲ್ಲಿ ತೂತಿಲ್ಲದ್ದನ್ನು ಉಳಿದವರಿಗೆ ತೋರಿಸಿದ. ಆಮೇಲೆ ನಗು ಶುರುವಾಯಿತು. ಮೊದಲು ಗಣಪನ ಸೋಮಾರಿತನಕ್ಕೆ ನಕ್ಕರು, ಅದು ಬೇಗ ಮುಗಿಯಿತು. ಆಮೇಲೆ ಮಿಸ್ತ್ರಿಗೆ ನಕ್ಕರು. “ಡಬ್ಬೀಲಿ ಗೇಜು ಇಟ್ಕಂಡು ತಿರುಗೂದು, ಮುಚ್ಚಳದ ತೂತು ಕಾಣೂದಿಲ್ಲ” ಎಂದ ಒಬ್ಬ. “ಇನ್ನೆಷ್ಟು ಗಾಡಿಗೆ ಹೀಂಗೆ ಕುತ್ತಿಗೆ ಬಿಗ್ದೆ ಮಿಸ್ತ್ರಿ?” ಎಂದ ಇನ್ನೊಬ್ಬ. ಅವನು ಅದಕ್ಕೂ ನಿಂತು ಉತ್ತರ ಕೊಟ್ಟ. “ಇದೊಂದಕ್ಕೇ. ಬೇರೆಯವ್ರ ಮುಚ್ಚಳ ಕಳೀಲಿಲ್ಲ.” ಆಮೇಲೆ ಮುಚ್ಚಳಕ್ಕೆ ಸಣ್ಣ ತೂತು ಹೊಡೆದು ಟ್ಯಾಂಕಿಗೆ ಕೂರಿಸಿ, ಗಾಜಿನಿಂದ ಗೇಜು ಬಿಡಿಸಿ, ಬನಿಯನ್ನಿನಲ್ಲಿ ಸುತ್ತಿ, ಡಬ್ಬಿ ಕಂಕುಳಲ್ಲಿಟ್ಟುಕೊಂಡು ಬಸ್ಸಿಗೆ ನಡೆದ. ಚಾ ಕುಡಿದು ಹೋಗು ಎಂದೆ. ಕೇಳಿಸಿತೋ ಇಲ್ಲವೋ.

ಆ ದಿನದಿಂದ ನಮ್ಮ ಕಡೆಯ ಮೀನಿನ ಗಾಡಿಗಳು ಅವನಲ್ಲಿಗೆ ಹೋಗುವುದು ಕಮ್ಮಿಯಾಯಿತು. ಸುಳ್ಳು ಹೇಳುವ ಮಿಸ್ತ್ರಿಗಳ ಹತ್ತಿರ ಹೋದರು. ಅವರು ಯಾರೂ ತಪ್ಪು ಮಾಡಿದೆ ಎಂದು ಹೇಳುವುದಿಲ್ಲ, ಹಾಗಾಗಿ ಅವರ ಮೇಲೆ ಎಲ್ಲರಿಗೂ ನಂಬಿಕೆ. ಒಂದೆರಡು ವರ್ಷ ನೋಡಿ ಅವನು ಶಟರು ಎಳೆದ. ನಮ್ಮ ಒಂದು ಗಾಡಿಯಿಂದ ಅವನ ಹೊಟ್ಟೆ ತುಂಬುವ ಹಾಗಿರಲಿಲ್ಲ. ಕೈಯೂ ನಡುಗುತ್ತಿತ್ತು ಎನ್ನುತ್ತಾರೆ, ನಾನು ಕಂಡಿಲ್ಲ. ಗಂಡ ಹೆಂಡತಿ ಕುಮಟಾದಲ್ಲಿ ಅವನ ತಂಗಿಯ ಮನೆಗೆ ಹೋದರು.

ಕೊನೆಯ ಸಲ ಸಿಕ್ಕಿದ್ದು ಅಲ್ಲೇ, ಸ್ಟೇಷನ್ನಿಗೆ ಹೋಗುವ ರಸ್ತೆಯಲ್ಲಿ. ಒಂದು ಅಂಗಡಿಯ ಮುಂದೆ ಸ್ಟೂಲಿನ ಮೇಲೆ ಕೂತಿದ್ದ. ಬಹಳ ಇಳಿದಿದ್ದ. ಜಯಂತಿ ಗಾಡಿ ನಿಲ್ಲಿಸಿದಳು. ನಾನು ಇಳಿದು, ಎರಡು ಇಸೋಣ ಮೀನು ಹಿಡಿದುಕೊಂಡು ಹೋದೆ. ಮೂಗಿಗೆ ಕರವಸ್ತ್ರ ಹಿಡಿದ. ಅಷ್ಟಾದರೂ ಉಳಿದಿತ್ತು.

“ಮುಳ್ಳು ಎಲ್ಲಿದೆ ಬಾಯಿ?”

“ಟಿಕ್ಲಿ ಮೇಲೆ.”

“ಟಿಕ್ಲಿ ಇನ್ನೂ ಬಿದ್ದಿಲ್ಲ. ಡಬ್ಬೀಲಿ ಹಾಂಗೇ ಉಂಟು” ಎಂದ. ಇಸೋಣವನ್ನು ಅವನ ಕೈಗೆ ಕೊಟ್ಟು, ಅಂಗಡಿಯ ಮೆಟ್ಟಿಲ ಮೇಲೆ ಸ್ವಲ್ಪ ಹೊತ್ತು ಕೂತೆ. ಗಾಡಿಯಲ್ಲಿದ್ದ ಮೀನು ಕೆಡುತ್ತದೆ ಎಂದು ಎದ್ದು ಬಂದೆ. ಹೋದ ಮಳೆಗಾಲದಲ್ಲಿ ತೀರಿಕೊಂಡ. ಸುದ್ದಿ ನನಗೆ ಬಂದಾಗ ಮಣ್ಣು ಮಾಡಿ ಆಗಿತ್ತು.

ಅವನು ನಮ್ಮೆಲ್ಲರ ಮುಂದೆ ತಪ್ಪು ನಂದು ಎಂದ ಆ ಸಂಜೆ ಗಣಪ ಚಾವಿಯನ್ನು ಮತ್ತೆ ಮೊಳೆಗೆ ಹಾಕಿದ. ಜನ ನಕ್ಕದ್ದು ಅವನಿಗೆ ತಾಗಿತ್ತು. “ಎಂತ ಆದ್ರೂ ಹೆಣ್ಣಿನ ಕೈಗೆ ಆ ಸೇತುವೆ ಬೇಡ” ಎಂದ. ಜಯಂತಿ ಕೇಳಿಸಿಕೊಂಡು, ಶೆಡ್ಡಿಗೆ ಉಟ್ಟು ಹೋಗುವ ಹಳೇ ಸೀರೆ ತೊಳೆದು ಹರವಿದಳು. ಒಬ್ಬ ಹೊರಗಿನವ ಬಸ್ಸು ಹತ್ತಿ ಬಂದು ತನ್ನ ಹೆಸರು ಕಳೆದುಕೊಂಡು ಹೋದ. ಮನೆಯವನಿಗೆ ಒಂದು ಮೊಳೆ ಬಿಡಲು ಆಗಲಿಲ್ಲ.

ಮರುದಿನ ಬೆಳಿಗ್ಗೆ ನಾನು ಗಣಪನ ಮನೆಗೆ ಹೋದೆ. ಅವನು ಬಾವಿಕಟ್ಟೆಯಲ್ಲಿ ಹಲ್ಲುಜ್ಜುತ್ತಿದ್ದ. ಬಾಗಿಲ ಮೇಲಿನ ಮೊಳೆಗೆ ನನ್ನ ಕೈ ಎಟುಕಲಿಲ್ಲ. ಮೀನಿನ ಕ್ರೇಟು ಎಳೆದು ತಂದು, ಕವುಚಿ ಹಾಕಿ, ಹತ್ತಿ ನಿಂತು ಚಾವಿ ತೆಗೆದೆ.

“ಯಾರನ್ನ ಕೇಳಿ ತಕ್ಕಂಡೆ ಅಮ್ಮಾ?”

“ಯಾರನ್ನೂ ಕೇಳ್ಲಿಲ್ಲ.”

“ಮತ್ತೆ ಸೇತುವೆ ಮೇಲೆ ಬಂದ್ ಬಿದ್ರೆ?”

“ಬಿದ್ರೆ ನಾ ಇಳ್ದು ತಳ್ತೆ. ನೀ ಬಾಯಿ ತೊಳ್ಕ.”

ಜಯಂತಿಯನ್ನು ಎಬ್ಬಿಸಿ ಚಾವಿ ಕೊಟ್ಟು, ಮೀನು ತುಂಬಿಸಿ, ಅವಳ ಪಕ್ಕದಲ್ಲಿ ಕೂತೆ. ಗಾಜಿನ ಮೇಲೆ ಟೇಪಿನ ಅಂಟು ಹಾಗೇ ಇತ್ತು. ಸೇತುವೆ ಹತ್ತುವಾಗ, “ಅಲ್ಲೆಂತ ನೋಡ್ತೆ ಅಮ್ಮಾ?” ಎಂದಳು. ನೀ ರಸ್ತೆ ನೋಡು ಎಂದೆ.